ಒಂಚೂರು

ಪುಸ್ತಕದ ಕನ್ನಡದಲ್ಲಿ ಹುಡುಕಿದರೆ ಅಷ್ಟಾಗಿ ಕಾಣಿಸದ, ಮನೆಯ ಕನ್ನಡದಲ್ಲಿ ಮಾತ್ರ ಬೆಳಗಿನಿಂದ ರಾತ್ರಿಯವರೆಗೆ ಬಾಯಿಂದ ಬಾಯಿಗೆ ಓಡಾಡುವ ಮಾತೊಂದಿದೆ: ಒಂಚೂರು. ‘ಒಂಚೂರು ಸಕ್ಕರೆ ಇದ್ರೆ ಕೊಡಿ’, ‘ಒಂಚೂರು ಆ ಕಡೆ ಸರೀರಿ’, ‘ಒಂಚೂರು ಇರು, ಬಂದೆ’, ‘ಒಂಚೂರು ತಲೆನೋವು, ಅಷ್ಟೆ’. ಕವಿಗೋಷ್ಠಿಯಲ್ಲಿ ಇದಕ್ಕೆ ಆಸನವಿಲ್ಲ. ಉತ್ತರಪತ್ರಿಕೆಯಲ್ಲಿ ಮಕ್ಕಳು ಬರೆದರೆ ನಮ್ಮಂಥ ಟೀಚರಮ್ಮಂದಿರು ಕೆಂಪು ಶಾಯಿಯ ಗೆರೆ ಎಳೆದು ‘ಸ್ವಲ್ಪ’ ಎಂದು ತಿದ್ದುತ್ತೇವೆ. ಸಂಸ್ಕೃತಿ, ಪರಂಪರೆ, ಅಸ್ಮಿತೆ ಮುಂತಾದ ದೊಡ್ಡ ದೊಡ್ಡ ಪದಗಳನ್ನು ವಿಮರ್ಶೆ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಈ ಪುಟ್ಟ ಪದವನ್ನೂ ಯಾರಾದರೂ ಎದುರಿಗೆ ಕೂರಿಸಿಕೊಂಡು ಮಾತಾಡಿಸಬೇಕಲ್ಲ? ಅಡುಗೆಮನೆ, ತರಗತಿ ಎರಡರಲ್ಲೂ ಆಯಸ್ಸು ಸವೆಸಿದ ನನ್ನಂಥವಳು ಆ ಕೆಲಸಕ್ಕೆ ಕೈಹಾಕಿದರೆ ಅಡ್ಡಿಯಿಲ್ಲ ಎನಿಸಿತು.

ಮೊದಲು ಇದರ ಹುಟ್ಟು ನೋಡೋಣ. ‘ಒಂದು ಚೂರು’ ಎಂಬುದನ್ನು ಅವಸರದಲ್ಲಿ ಹೇಳುವಾಗ ನಡುವಿನ ‘ದು’ ಜಾರಿಹೋಗಿ ‘ಒಂಚೂರು’ ಆಗಿದೆ. ಚೂರು ಎಂದರೆ ಒಡೆದ ತುಂಡು. ಬಳೆಯ ಚೂರು, ಗಾಜಿನ ಚೂರು, ಕೊಬ್ಬರಿಯ ಚೂರು. ಸಂಸ್ಕೃತದಲ್ಲಿ ಪುಡಿಗೆ ಚೂರ್ಣ ಎನ್ನುತ್ತಾರಲ್ಲ, ಆ ಬಳಗಕ್ಕೆ ಸೇರಿದ ಮಾತು ಇದು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಹಿಂದಿಯ ಚೂರಾ, ಚೂರನ್ ಕೂಡ ಅದೇ ಮನೆತನದವು. ನಾವು ಗೋಡೆಗೆ ಬಳಿಯುವ, ಎಲೆಯಡಿಕೆಗೆ ಸವರುವ ಸುಣ್ಣವೂ ಪ್ರಾಕೃತದ ದಾರಿ ಹಿಡಿದು ಬಂದ ಚೂರ್ಣವೇ. ಈ ಮೂಲವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹನಿ ತಾನಾಗಿಯೇ ಹನಿಯಾಗಿ ಬೀಳುತ್ತದೆ. ಕಾಳು ತಾನಾಗಿಯೇ ಕಾಳಾಗಿ ಬೆಳೆಯುತ್ತದೆ. ಚೂರು ಹಾಗಲ್ಲ. ಇಡಿಯಾಗಿದ್ದ ಯಾವುದೋ ಒಂದು ಒಡೆಯಬೇಕು, ಆಗಲೇ ಚೂರು.

ಇದರ ಅಕ್ಕ ‘ಸ್ವಲ್ಪ’. ಯಣ್ ಸಂಧಿಗೆ ಉದಾಹರಣೆ ಕೊಡುವಾಗ ನಾನು ಇದನ್ನೂ ಕರಿಹಲಗೆಯ ಮೇಲೆ ಬರೆಯುವುದುಂಟು: ಸು ಜೊತೆಗೆ ಅಲ್ಪ, ಸ್ವಲ್ಪ. ಸುದಿನ, ಸುಗಂಧ, ಸುಪುತ್ರ ಎಂದೆಲ್ಲ ಕಲಿತ ಮಕ್ಕಳು ‘ಹಾಗಾದರೆ ಸ್ವಲ್ಪ ಅಂದರೆ ಒಳ್ಳೆಯ ಅಲ್ಪವಾ ಮಿಸ್?’ ಎಂದು ಕೇಳುತ್ತಾರೆ. ಇಲ್ಲಿ ‘ಸು’ ಎಂಬುದಕ್ಕೆ ‘ಬಹಳ’ ಎಂಬ ಅರ್ಥ, ಬಹಳ ಅಲ್ಪವಾದದ್ದು ಸ್ವಲ್ಪ ಎಂದು ಹೇಳಿ ಮುಂದೆ ಹೋಗುತ್ತೇನೆ. ಆದರೆ ಆ ಮಕ್ಕಳ ಪ್ರಶ್ನೆಯಲ್ಲೂ ಹುರುಳಿದೆ. ಬರಿಯ ‘ಅಲ್ಪ’ ಮನುಷ್ಯನಿಗೆ ಅಂಟಿಕೊಂಡರೆ ಬೈಗುಳವಾಗುತ್ತದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ಮುಂದೊಂದು ‘ಸು’ ಬಂದು ಕೂತ ಕೂಡಲೇ ಅದೇ ಪದ ಸಭ್ಯವಾಗಿ, ನಾಲ್ಕು ಜನರ ಮುಂದೆ ಆಡುವಂಥದ್ದಾಗುತ್ತದೆ. ಸ್ವಲ್ಪ ಎಂಬುದು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಗೆ ಹೊರಟ ಪದ. ಒಂಚೂರು ಮನೆಯ ಸೀರೆಯಲ್ಲೇ ಇರುವ ಪದ.

ಊರು ಬದಲಾದಂತೆ ಇದರ ವೇಷವೂ ಬದಲಾಗುತ್ತದೆ. ಮಂಡ್ಯ, ಮೈಸೂರಿನ ಹಳ್ಳಿಗಳ ಕಡೆ ‘ವಸಿ ತಾಳು’ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ‘ಈಟು ಹಾಕ್ರಿ’, ‘ಜರಾ ನೋಡ್ರಿ’. ಈ ಜರಾ, ಅರಬ್ಬಿಯಲ್ಲಿ ಕಣಕ್ಕೆ ಹೇಳುವ ‘ಜರ್ರಾ’ ಎಂಬ ಮಾತು ಉರ್ದುವಿನ ಮೂಲಕ ನಮ್ಮ ಅಂಗಳಕ್ಕೆ ಬಂದದ್ದು. ತುಳುವಿನಲ್ಲಿ ‘ಒಂತೆ’. ದಕ್ಷಿಣ ಕನ್ನಡದ ಹವ್ಯಕರ ಮನೆಗಳಲ್ಲಿ ‘ರಜ’. ಕೊಂಚ ಎಂಬುದು ತಮಿಳಿನ ಕೊಂಜಂ, ತೆಲುಗಿನ ಕೊಂಚೆಂ ಇವುಗಳ ಒಡಹುಟ್ಟು. ‘ರವಷ್ಟೂ ಬುದ್ಧಿಯಿಲ್ಲ’ ಎಂದು ಬೈಯುವಾಗ ನಾವು ನೆನೆಯುವುದು ರವೆಯ ಒಂದು ಕಣವನ್ನು. ಎಳ್ಳಷ್ಟು, ಸಾಸಿವೆಯಷ್ಟು ಎನ್ನುವುದಂತೂ ಇದ್ದೇ ಇದೆ. ನೀವೇ ಗಮನಿಸಿ, ಇವುಗಳಲ್ಲಿ ಬಹುಪಾಲು ಕಾಳು, ಕಣ, ರವೆ, ಪುಡಿ. ಕಣಜದಿಂದ ಬೀಸುವ ಕಲ್ಲಿಗೆ, ಬೀಸುವ ಕಲ್ಲಿನಿಂದ ಒಲೆಗೆ ಹೋಗುವ ದಾರಿಯಲ್ಲಿ ಹುಟ್ಟಿದ ಮಾತುಗಳು. ಆ ಬೀಸುವ ಕಲ್ಲಿನ ಗೂಟ ಹಿಡಿದಿದ್ದ ಕೈ ಯಾರದು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ನಮ್ಮ ಶಾಲಾ ವ್ಯಾಕರಣದಲ್ಲಿ ಪರಿಮಾಣವಾಚಕಗಳಿಗೆ ಕೊಡುವ ಪಟ್ಟಿ ನೋಡಿ: ಅಷ್ಟು, ಇಷ್ಟು, ಎಷ್ಟು, ಹಲವು, ಕೆಲವು, ಅನಿತು, ಇನಿತು. ಚೂರು ಅಲ್ಲಿಲ್ಲ, ಚಿಟಿಕೆಯೂ ಇಲ್ಲ. ಇನಿತು ಎಂದು ಈಗ ಯಾವ ಮನೆಯಲ್ಲೂ ಯಾರೂ ಅನ್ನುವುದಿಲ್ಲ, ಅದನ್ನು ಮಕ್ಕಳು ಉರುಹೊಡೆಯುತ್ತಾರೆ. ದಿನಕ್ಕೆ ಐವತ್ತು ಸಲ ಕೇಳುವ ಮಾತನ್ನು ವ್ಯಾಕರಣ ಎಂದೇ ಭಾವಿಸುವುದಿಲ್ಲ. ನಿಘಂಟುಗಳ ಮಾತು ಬೇರೆ. ಅವು ಇಂಥ ಪದಗಳನ್ನು ತಿರಸ್ಕರಿಸಿಲ್ಲ. 1894ರಲ್ಲಿ ಮಂಗಳೂರಿನಿಂದ ಹೊರಟ ಕಿಟ್ಟೆಲ್ ಅವರ ಕೋಶವಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಾಗಲಿ ಆಡುಮಾತಿಗೆ ಬೆನ್ನು ತಿರುಗಿಸಿದವಲ್ಲ. 2021ರಲ್ಲಿ ತೀರಿಕೊಂಡ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಎಂಥೆಂಥ ಸಣ್ಣ ಪದಗಳ ಸಂದೇಹಕ್ಕೂ ಬೇಸರವಿಲ್ಲದೆ ಉತ್ತರ ಬರೆದರು. ಆದರೆ ನಿಘಂಟಿಗೂ ಒಂದು ಮಿತಿಯಿದೆ. ಅದು ಪದದ ಅರ್ಥ ಹೇಳುತ್ತದೆ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದನ್ನು ಹೇಳುವುದಿಲ್ಲ. ಒಂಚೂರು ಎಂಬ ಮಾತಿನ ಗುಟ್ಟೆಲ್ಲ ಇರುವುದು ಅಲ್ಲಿಯೇ. ಯಾರ ಬಾಯಲ್ಲಿ ಬಂತು ಎನ್ನುವುದರ ಮೇಲೆ ಇದರ ಅಳತೆ ಹಿಗ್ಗುತ್ತದೆ, ಕುಗ್ಗುತ್ತದೆ.

ಅಡುಗೆಮನೆಯಲ್ಲಿ ಈ ಮಾತು ಕರಾರುವಾಕ್ಕು. ಇದನ್ನು ಕೇಳಿ ನಗಬೇಡಿ. ‘ಒಂಚೂರು ಅರಿಸಿನ’ ಎಂದರೆ ಹೆಬ್ಬೆರಳು, ತೋರುಬೆರಳಿನ ತುದಿಗೆ ಸಿಕ್ಕುವಷ್ಟು. ‘ಒಂಚೂರು ಹುಣಸೆಹಣ್ಣು’ ಎಂದರೆ ಸಾರಿಗಾದರೆ ಗೋಲಿ ಗಾತ್ರ, ಹುಳಿಗಾದರೆ ನಿಂಬೆಹಣ್ಣಿನ ಗಾತ್ರ. ‘ಒಂಚೂರು ಬೆಲ್ಲ’ ಎಂದರೆ ಅಡಿಕೆಯಷ್ಟು. ‘ಒಂಚೂರು ಹೆಪ್ಪು’ ಎಂದರೆ ಬೇಸಿಗೆಯಲ್ಲಿ ಒಂದೆರಡು ತೊಟ್ಟು ಮಜ್ಜಿಗೆ ಸಾಕು, ಚಳಿಗಾಲದಲ್ಲಿ ಒಂದು ಚಮಚವಾದರೂ ಬೇಕು, ಹಾಲೂ ಕೈಗೆ ಬೆಚ್ಚಗೆ ತಾಗುವಂತಿರಬೇಕು. ಹೆಚ್ಚಾದರೆ ಬೆಳಗಾಗುವಷ್ಟರಲ್ಲಿ ಹುಳಿ, ಕಡಿಮೆಯಾದರೆ ಹಾಲು ಹಾಲಾಗಿಯೇ ಉಳಿಯುತ್ತದೆ. ಒಂದೇ ಪದ, ಪದಾರ್ಥ ಬದಲಾದಂತೆ, ಋತು ಬದಲಾದಂತೆ, ಊಟಕ್ಕೆ ಕೂರುವವರ ತಲೆ ಎಣಿಕೆ ಬದಲಾದಂತೆ ತನ್ನ ಅಳತೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಇದನ್ನು ಅಂದಾಜು ಎನ್ನುವವರು ಒಂದು ದಿನ ಒಲೆಯ ಮುಂದೆ ನಿಂತು ನೋಡಲಿ.

ಕನ್ನಡದಲ್ಲಿ ಅಡುಗೆಯ ಬಗ್ಗೆ ಹಳೆಯ ಗ್ರಂಥಗಳಿವೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ವಿಷಯವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ಬರೆದ. ಬರೆದವರೆಲ್ಲ ಗಂಡಸರು. ಪ್ರತಿದಿನ ಮಾಡಿದವರು ಬರೆಯಲಿಲ್ಲ. ಅವರ ಶಾಸ್ತ್ರವೆಲ್ಲ ಬೆರಳ ತುದಿಯಲ್ಲಿತ್ತು, ತಾಯಿಯ ಬೆರಳಿನಿಂದ ಮಗಳ ಬೆರಳಿಗೆ ‘ಇಷ್ಟು, ಒಂಚೂರು’ ಎಂದು ತೋರಿಸುತ್ತ ಬಂತು. ಹಾಗೆ ಬಂದದ್ದು ಗಟ್ಟಿಯಾಗಿಯೇ ಉಳಿಯಿತು ಎಂಬುದನ್ನು ಗಮನಿಸಬೇಕು. 1957ರ ಏಪ್ರಿಲ್ 1ರಂದು ಆಣೆ, ಪೈಗಳ ಲೆಕ್ಕ ಹೋಗಿ ನೂರು ನಯಾ ಪೈಸೆಯ ರೂಪಾಯಿ ಬಂತು. ಮರುವರ್ಷದಿಂದ ಕಿಲೋ, ಗ್ರಾಮುಗಳು ಬರತೊಡಗಿ ಸೇರು, ಅಚ್ಚೇರು, ಚಟಾಕುಗಳು ಅಂಗಡಿಯಿಂದ ಹೊರಟವು. 2011ರ ಜೂನ್ 30ಕ್ಕೆ ನಾಲ್ಕಾಣೆಯೂ ಚಲಾವಣೆ ಕಳೆದುಕೊಂಡಿತು. ಸರ್ಕಾರ ತಂದ ಅಳತೆಗಳನ್ನು ಸರ್ಕಾರವೇ ಹಿಂದಕ್ಕೆ ತೆಗೆದುಕೊಂಡಿತು. ಚಿಟಿಕೆ, ಹಿಡಿ, ಬೊಗಸೆ, ಮೊಳ ಇವುಗಳನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಹೂ ಮಾರುವವಳು ಇವತ್ತಿಗೂ ಮೊಳ ಹಾಕಿಯೇ ಕೊಡುತ್ತಾಳೆ, ಮೇಲೆ ಎರಡು ಬೆರಳು ಕೊಸರನ್ನೂ ಬಿಡುತ್ತಾಳೆ. ‘ಒಂಚೂರು ಜಾಸ್ತಿ ಬಿಡಮ್ಮ’ ಎಂದು ನಾವು ಕೇಳುತ್ತೇವೆ, ಅವಳಿಗೂ ಅದೆಷ್ಟು ಎಂದು ಗೊತ್ತು, ನಮಗೂ ಗೊತ್ತು.

ಇದು ಪದದ ಒಂದು ಮುಖ. ಇಲ್ಲಿಯವರೆಗೆ ನನಗೆ ಇದರ ಮೇಲೆ ದೂರಿಲ್ಲ, ಅಭಿಮಾನವೇ ಇದೆ. ಇನ್ನೊಂದು ಮುಖ ಅಡುಗೆಮನೆಯ ಹೊಸಿಲು ದಾಟಿದ ಮೇಲೆ ಕಾಣುವಂಥದ್ದು.

‘ಸ್ವಲ್ಪ ಬಾಗಿಲು ಹಾಕಿ’ ಎನ್ನುತ್ತೇವೆ. ಬಾಗಿಲನ್ನು ಸ್ವಲ್ಪವೇ ಹಾಕಬೇಕೇ? ಅಲ್ಲ, ಪೂರ್ತಿ ಹಾಕಬೇಕು. ‘ಒಂಚೂರು ಈ ಪತ್ರ ಓದಿ ಹೇಳಿ’ ಎಂದರೆ ಎರಡು ಸಾಲು ಓದಿ ಬಿಡಬೇಕೆಂದಲ್ಲ. ಇಲ್ಲಿ ಪದಕ್ಕೆ ಪರಿಮಾಣದ ಅರ್ಥವೇ ಉಳಿದಿಲ್ಲ. ಅದು ವಿನಯದ ಕೆಲಸ ಮಾಡುತ್ತಿದೆ. ಕನ್ನಡದಲ್ಲಿ ‘ದಯವಿಟ್ಟು’ ಎಂಬ ಮಾತು ಇದೆಯಾದರೂ ಅದು ಬಸ್ಸಿನ ಬೋರ್ಡಿನ ಮೇಲೆ, ಕಚೇರಿಯ ಗೋಡೆಯ ಮೇಲೆ, ಆಮಂತ್ರಣ ಪತ್ರಿಕೆಯಲ್ಲಿ ಕಾಣುವ ಮಾತು. ಅಕ್ಕನ ಹತ್ತಿರ, ನೆರೆಮನೆಯವರ ಹತ್ತಿರ ಯಾರೂ ‘ದಯವಿಟ್ಟು’ ಅನ್ನುವುದಿಲ್ಲ. ಆ ಜಾಗವನ್ನು ತುಂಬಿರುವುದು ಸ್ವಲ್ಪ, ಒಂಚೂರು. ಹಿಂದಿಯವರ ಜರಾ, ತಮಿಳರ ಕೊಂಜಂ ಮಾಡುವುದೂ ಇದೇ ಕೆಲಸ. ನನ್ನ ಕೋರಿಕೆ ಚಿಕ್ಕದು, ನಿಮಗೆ ಹೆಚ್ಚು ತೊಂದರೆ ಕೊಡುವುದಿಲ್ಲ ಎಂಬ ಭರವಸೆ ಇದರಲ್ಲಿದೆ. ಹೋಟೆಲಿನಲ್ಲಿ ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಬೈ ಟೂ ಸಂಪ್ರದಾಯ ಇರುವ ನಾಡು ನಮ್ಮದು. ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಿಗೂ ಜಾಗವಾಗುವುದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಒಂದೇ ಮಾತಿನಿಂದ. ಬೆಂಗಳೂರಿನ ಗುರುತಿನ ಚೀಟಿಯೇ ಆಗಿಬಿಟ್ಟಿರುವ ಮಾತು ಅದು. ಹಂಚಿಕೊಂಡು ಬಾಳುವ ಒಳ್ಳೆಯತನ ಅದರಲ್ಲಿ ಖಂಡಿತ ಇದೆ.

ಆದರೆ ಸರಿಯುವವರು ಯಾವಾಗಲೂ ಒಬ್ಬರೇ ಆದರೆ? ಇದು ನನ್ನ ವಿಮರ್ಶೆಯ ಮುಖ್ಯ ಪ್ರಶ್ನೆ.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಈ ಪದ ಎಷ್ಟು ಸಲ ಬರುತ್ತದೆ ಎಂದು ನೀವು ಎಣಿಸಿದ್ದೀರಾ? ‘ಹುಡುಗಿ ಲಕ್ಷಣವಾಗಿದ್ದಾಳೆ, ಒಂಚೂರು ಕಪ್ಪು.’ ‘ಹುಡುಗ ಬಂಗಾರದಂಥವನು, ಒಂಚೂರು ಮುಂಗೋಪ.’ ಎರಡೂ ಕಡೆ ಅದೇ ಒಂಚೂರು. ತಕ್ಕಡಿಯಲ್ಲಿಟ್ಟು ನೋಡಿ. ಹುಡುಗಿಯ ಒಂಚೂರು ಕಪ್ಪಿಗೆ ಒಂದು ಬೆಲೆ ಕಟ್ಟಿ ಅವಳ ತಂದೆಯ ಕೈಯಿಂದ ವಸೂಲಿ ಮಾಡುತ್ತಾರೆ. ಹುಡುಗನ ಒಂಚೂರು ಮುಂಗೋಪಕ್ಕೆ ಬೆಲೆ ತೆರುವವಳೂ ಹುಡುಗಿಯೇ, ಅದೂ ಜೀವನಪೂರ್ತಿ ಕಂತಿನಲ್ಲಿ. ‘ಒಂಚೂರು ತಗೋತಾನೆ, ಫ್ರೆಂಡ್ಸ್ ಜೊತೆ ಮಾತ್ರ’ ಎಂದು ಹೇಳಿ ಮಾಡಿದ ಮದುವೆಗಳ ಗತಿ ಏನಾಯಿತು ಎಂದು ನಮ್ಮ ನಮ್ಮ ಬೀದಿಗಳಲ್ಲೇ ಕಂಡಿದ್ದೇವೆ. ವರದಕ್ಷಿಣೆ ನಿಷೇಧದ ಕಾಯಿದೆ ಬಂದದ್ದು 1961ರಲ್ಲಿ. ಕಾಯಿದೆ ಬಂದ ಮೇಲೆ ‘ವರದಕ್ಷಿಣೆ’ ಎಂಬ ಪದ ನಾಚಿಕೊಂಡು ಒಳಗೆ ಹೋಯಿತು, ಅದರ ಜಾಗಕ್ಕೆ ಬಂದದ್ದು ಇದೇ ಪದ. ‘ನಮಗೇನೂ ಬೇಡ, ಮದುವೆ ಒಂಚೂರು ಚೆನ್ನಾಗಿ ಮಾಡಿಕೊಡಿ.’ ಆ ಒಂಚೂರಿನೊಳಗೆ ಒಂದು ಛತ್ರ, ಎರಡು ದಿನದ ಊಟ, ಒಂದು ಮೋಟಾರು ವಾಹನ ಹಿಡಿಸುತ್ತದೆ. ನಿಘಂಟಿನಲ್ಲಿ ಇಷ್ಟು ದೊಡ್ಡ ಅರ್ಥ ಯಾರೂ ಕೊಟ್ಟಿಲ್ಲ.

ಮದುವೆಯಾಗಿ ಬಂದ ಮೇಲೆ ‘ಒಂಚೂರು ಹೊಂದಿಕೊಂಡು ಹೋಗಮ್ಮ’ ಎಂಬ ಉಪದೇಶ. ಇದನ್ನು ಹೇಳುವವರು ಹೆಚ್ಚಾಗಿ ನಾವೇ, ಹೆಂಗಸರೇ. ಹೊಂದಿಕೊಳ್ಳುವುದು ತಪ್ಪಲ್ಲ, ಇಬ್ಬರು ಸೇರಿ ಬಾಳುವಲ್ಲಿ ಅದಿಲ್ಲದೆ ನಡೆಯದು. ಆದರೆ ಆ ಒಂಚೂರಿಗೆ ಗಡುವಿಲ್ಲ, ಮಿತಿಯಿಲ್ಲ. ಹೆಪ್ಪಿಗೆ ಎಷ್ಟು ಎಂದು ಕೇಳಿದರೆ ಬೆರಳು ತೋರಿಸುವ ಅತ್ತೆ, ಹೊಂದಿಕೊಳ್ಳುವುದು ಎಷ್ಟು ಎಂದು ಕೇಳಿದರೆ ಬೆರಳು ತೋರಿಸುವುದಿಲ್ಲ. ಒಳಗೆ ಕರಾರುವಾಕ್ಕಾಗಿದ್ದ ಅಳತೆ ಹೊರಗೆ ಬಂದ ಕೂಡಲೇ ತಳವಿಲ್ಲದ ಕೊಳಗವಾಗಿಬಿಡುತ್ತದೆ.

ಕೆಲಸದ ವಿಷಯವೂ ಹಾಗೆಯೇ. ‘ಒಂಚೂರು ಕಾಫಿ ಮಾಡು’, ‘ಒಂಚೂರು ಬಟ್ಟೆ ಒಣಹಾಕು’, ‘ಒಂಚೂರು ಮಗುವಿಗೆ ಲೆಕ್ಕ ಹೇಳಿಕೊಡು’, ‘ಒಂಚೂರು ಅಪ್ಪನಿಗೆ ಮಾತ್ರೆ ಕೊಡು’. ಒಂದೊಂದನ್ನೇ ತೆಗೆದುಕೊಂಡರೆ ನಿಜಕ್ಕೂ ಚಿಕ್ಕದೇ. ಬೇಡವೆಂದರೆ ಕೇಳಿದವರಿಗಿಂತ ಹೇಳಿದವಳೇ ಸಣ್ಣವಳಾಗುತ್ತಾಳೆ, ಇಷ್ಟು ಚಿಕ್ಕ ಕೆಲಸಕ್ಕೂ ಇಲ್ಲ ಅಂದಳಲ್ಲ ಎಂದು. ಕೇಂದ್ರ ಸರ್ಕಾರ ದೇಶದಾದ್ಯಂತ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆಯನ್ನು 2019ರಲ್ಲಿ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಕಳೆಯುವುದು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಎಂದು ಲೆಕ್ಕ ಸಿಕ್ಕಿತು. 2024ರಲ್ಲಿ ಮತ್ತೆ ಮಾಡಿದಾಗ ಹೆಂಗಸರದು 289, ಗಂಡಸರದು 88. ಹೆಂಗಸರಿಗೆ ಹತ್ತು ನಿಮಿಷ ಕಡಿಮೆಯಾಯಿತು ಎಂದು ಸಂತೋಷಪಡುವಷ್ಟರಲ್ಲಿ ಗಂಡಸರಿಗೂ ಒಂಬತ್ತು ನಿಮಿಷ ಕಡಿಮೆಯಾಗಿದೆ! ಹೆಚ್ಚುಕಡಿಮೆ ಐದು ಗಂಟೆ. ಯಾರೂ ಹೆಂಡತಿಯ ಮುಂದೆ ನಿಂತು ‘ನನಗೆ ನಿನ್ನ ಐದು ಗಂಟೆ ಕೊಡು’ ಎಂದು ಕೇಳುವುದಿಲ್ಲ. ಕೇಳಿದರೆ ಲೆಕ್ಕ ಕೇಳಬೇಕಾಗುತ್ತದೆ. ಒಂಚೂರು, ಒಂಚೂರು ಎಂದು ಕೇಳುತ್ತಾರೆ. ಮೊದಲಲ್ಲಿ ಹೇಳಿದ ಮೂಲಾರ್ಥವನ್ನು ಈಗ ನೆನಪಿಸಿಕೊಳ್ಳಿ. ಇಡಿಯಾದದ್ದು ಒಡೆದರೇ ಚೂರು. ಇಲ್ಲಿ ಒಡೆದದ್ದು ಅವಳ ದಿನ. ಮಧ್ಯಾಹ್ನ ಅರ್ಧ ಗಂಟೆ ಕಾದಂಬರಿ ಹಿಡಿದು ಕೂತವಳಿಗೆ ಒಂದೇ ಸಮನೆ ಹತ್ತು ಪುಟ ಓದಲು ಸಿಗದಿರುವುದು ಆ ಕಾರಣಕ್ಕೆ.

ಊಟದ ಎಲೆಯ ಮುಂದೆ ಈ ಪದ ಇನ್ನಷ್ಟು ಮೆತ್ತಗಾಗುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂತ ತಾಯಿ ‘ನನಗೆ ಒಂಚೂರು ಸಾಕು’ ಎನ್ನುತ್ತಾಳೆ. ನನ್ನ ತಾಯಿಯೂ ಹಾಗೆಯೇ ಅನ್ನುತ್ತಿದ್ದಳು. ಪಾತ್ರೆಯ ತಳದಲ್ಲಿ ಉಳಿದದ್ದು ಅಷ್ಟೇ ಎಂಬುದು ಅವಳಿಗೆ ಮೊದಲೇ ಗೊತ್ತಿರುತ್ತಿತ್ತು, ಹಾಗಾಗಿ ಹಸಿವನ್ನೇ ಪಾತ್ರೆಯ ಅಳತೆಗೆ ತಂದುಕೊಳ್ಳುತ್ತಿದ್ದಳು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಇದಕ್ಕೆ ಕಾರಣಗಳು ಹಲವು, ವೈದ್ಯರು ಹೇಳುತ್ತಾರೆ. ಬಡತನ ಒಂದು, ಹೆರಿಗೆಗಳು ಒಂದು, ಊಟದಲ್ಲಿ ಸೊಪ್ಪು, ಕಾಳು ಸಾಲದಿರುವುದು ಒಂದು. ಆ ಸಾಲಿನಲ್ಲಿ ಈ ‘ಒಂಚೂರು ಸಾಕು’ ಎಂಬ ಅಭ್ಯಾಸಕ್ಕೂ ಒಂದು ಮೂಲೆಯಲ್ಲಿ ಜಾಗ ಕೊಡಬೇಕು ಎಂದು ನನಗೆ ಅನಿಸುತ್ತದೆ.

ಎಂ. ಕೆ. ಇಂದಿರಾ ಅವರು 1976ರಲ್ಲಿ ಬರೆದ ‘ಫಣಿಯಮ್ಮ’ವನ್ನು ನಿಮ್ಮಲ್ಲಿ ಬಹಳ ಮಂದಿ ಓದಿರುತ್ತೀರಿ, 1983ರಲ್ಲಿ ಪ್ರೇಮಾ ಕಾರಂತರು ಮಾಡಿದ ಚಿತ್ರವನ್ನಾದರೂ ನೋಡಿರುತ್ತೀರಿ. ಮಲೆನಾಡಿನ ಬಾಲವಿಧವೆಯೊಬ್ಬಳ ಕಥೆ ಅದು. ಅನ್ನ, ಬಟ್ಟೆ, ಮಾತು, ಜಾಗ ಎಲ್ಲದರಲ್ಲೂ ಅವಳ ಪಾಲಿಗೆ ಬರುವುದು ಚೂರು. ಅದನ್ನು ಅಳೆದು ಕೊಟ್ಟವರು ಅವಳಲ್ಲ, ಊರಿನ ಕಟ್ಟಳೆ. ಆ ಕಾದಂಬರಿಯನ್ನು ಬಹಳ ಜನ ತ್ಯಾಗದ ಕಥೆ ಎಂದು ಓದಿ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ತನ್ನ ಪಾಲಿಗೆ ಬಂದ ಚೂರನ್ನು ಮಾತಿಲ್ಲದೆ ನುಂಗಿದ ಅದೇ ಮುದುಕಿ, ಇನ್ನೊಬ್ಬಳು ತರುಣ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಂತಾಗ ಅವಳ ಪರವಾಗಿ ನಿಲ್ಲುತ್ತಾಳಲ್ಲ, ಕಾದಂಬರಿಯ ತಿರುಳಿರುವುದು ಅಲ್ಲಿ. ನನಗೆ ಚೂರು ಸಾಕಾಯಿತು ಎಂದ ಮಾತ್ರಕ್ಕೆ ನಿನಗೂ ಚೂರೇ ಸಾಕು ಎಂದು ಅವಳು ಹೇಳಲಿಲ್ಲ. ನಮ್ಮಲ್ಲಿ ಎಷ್ಟು ಜನ ಅತ್ತೆಯರು, ತಾಯಂದಿರು ಅಷ್ಟು ಮಾಡುತ್ತೇವೆ?

ವಿದ್ಯೆಯ ವಿಷಯದಲ್ಲಿಯೂ ನಾವು ಇದೇ ಪದದ ಹಿಂದೆ ಅವಿತುಕೊಳ್ಳುತ್ತೇವೆ. ‘ಹಾಡ್ತೀರಾ?’ ಎಂದರೆ ಸಂಗೀತದ ಪರೀಕ್ಷೆ ಪಾಸಾದವಳೂ ‘ಒಂಚೂರು’ ಎನ್ನುತ್ತಾಳೆ. ‘ಓದಿದ್ದೀರಾ?’ ಎಂದರೆ ಬಿ.ಎ. ಮಾಡಿದವಳು ‘ಏನೋ ಒಂಚೂರು’ ಎನ್ನುತ್ತಾಳೆ. ವಿನಯ ಒಳ್ಳೆಯದೇ. ಆದರೆ ನಮ್ಮ ಶಾಲೆಯ ವಾರ್ಷಿಕೋತ್ಸವಗಳಲ್ಲಿ ನಾನು ಕಂಡ ಹಾಗೆ, ಎರಡು ಸಾಲು ಹಾಡಲು ಬರುವ ಹುಡುಗ ‘ನಾನು ಹಾಡ್ತೀನಿ ಮಿಸ್’ ಎಂದು ವೇದಿಕೆಯ ಮೇಲೆ ಬಂದು ನಿಂತಿರುತ್ತಾನೆ, ಇಪ್ಪತ್ತು ಹಾಡು ಬರುವ ಹುಡುಗಿ ‘ಒಂಚೂರು ಬರುತ್ತೆ’ ಎಂದು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ಕೇಳುವವರು ಮಾತನ್ನು ಮಾತಿನಂತೆಯೇ ತೆಗೆದುಕೊಳ್ಳುತ್ತಾರೆ. ಒಂಚೂರು ಎಂದವಳಿಗೆ ಒಂಚೂರೇ ಅವಕಾಶ.

ಹಾಗಾದರೆ ಈ ಪದವನ್ನು ಬಿಟ್ಟುಬಿಡೋಣವೇ? ಖಂಡಿತ ಬೇಡ. ಇದರಲ್ಲಿ ನಮ್ಮ ಶಕ್ತಿಯೂ ಇದೆ. ಸಾಸಿವೆ ಡಬ್ಬಿಯ ತಳದಲ್ಲಿ, ಸೀರೆಯ ಮಡಿಕೆಯಲ್ಲಿ ಹೆಂಗಸರು ಕೂಡಿಡುತ್ತಿದ್ದದ್ದು ಇದೇ ಒಂಚೂರು ಒಂಚೂರನ್ನೇ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ನಡೆಯುವುದಿಲ್ಲ ಎಂದಾದಾಗ ಎಷ್ಟೋ ಮನೆಗಳಲ್ಲಿ ಆ ಗಂಟು ಗಂಡನ ಮುಂದೆ ಹೊರಗೆ ಬರಲೇಬೇಕಾಯಿತು. ‘ಇಷ್ಟೊಂದು ಎಲ್ಲಿತ್ತು?’ ಎಂದು ಕೇಳಿದವರಿಗೆ ‘ಏನೋ ಒಂಚೂರು ಇಟ್ಟಿದ್ದೆ’ ಎಂಬ ಉತ್ತರ. ಆಸ್ಪತ್ರೆಗೆ, ಮಗಳ ಫೀಸಿಗೆ ಆಗಲಿ ಎಂದು ಇಟ್ಟದ್ದು ಒಂದೇ ರಾತ್ರಿಯಲ್ಲಿ ಮನೆಮಂದಿಯ ತಮಾಷೆಯ ಮಾತಾಯಿತು. ನಮ್ಮ ರಾಜ್ಯದಲ್ಲಿ 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹೆಂಗಸರು ಅದೇ ಒಂಚೂರನ್ನು ಡಬ್ಬಿಯಿಂದ ತೆಗೆದು ಸಂಘದ ಪುಸ್ತಕದಲ್ಲಿ ಬರೆಸಿದರು. ವಾರವಾರದ ಉಳಿತಾಯ, ತಮ್ಮ ಹೆಸರಿನಲ್ಲಿ ಪಾಸ್‌ಬುಕ್ಕು, ಬೇಕಾದಾಗ ಸಾಲ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ಅಲ್ಲಿ ನಿಜವಾಯಿತು. ಎರಡಕ್ಕೂ ಇರುವ ವ್ಯತ್ಯಾಸ ನೋಡಿ: ಡಬ್ಬಿಯಲ್ಲಿದ್ದಾಗ ಅದು ಒಂಚೂರು, ಪುಸ್ತಕದಲ್ಲಿ ಬರೆದಾಗ ಅದು ಇಂತಿಷ್ಟು ರೂಪಾಯಿ.

ಒಮ್ಮೆ ಒಂಬತ್ತನೆಯ ತರಗತಿಯವರಿಗೆ ಒಂದು ಮನೆಪಾಠ ಕೊಟ್ಟೆ. ಒಂದು ದಿನ ಪೂರ್ತಿ ಮನೆಯಲ್ಲಿ ಯಾರು ಯಾರಿಗೆ ‘ಒಂಚೂರು’, ‘ಸ್ವಲ್ಪ’ ಎಂದು ಹೇಳಿದರು, ಯಾವ ಕೆಲಸಕ್ಕೆ ಹೇಳಿದರು ಎಂದು ಬರೆದು ತನ್ನಿ ಎಂದೆ. ಪದಸಂಗ್ರಹ ಎಂದು ಮಕ್ಕಳು ಖುಷಿಯಿಂದ ಮಾಡಿದರು. ಮರುದಿನ ಬಂದ ಪಟ್ಟಿಗಳಲ್ಲಿ ‘ಯಾರಿಗೆ’ ಎಂಬ ಕಡೆ ‘ಅಮ್ಮನಿಗೆ, ಅಮ್ಮನಿಗೆ, ಅಕ್ಕನಿಗೆ, ಅಮ್ಮನಿಗೆ’ ಎಂದೇ ತುಂಬಿತ್ತು. ನಾನು ಒಂದು ಮಾತೂ ಆಡಲಿಲ್ಲ. ಒಬ್ಬ ಹುಡುಗ ತನ್ನ ಹಾಳೆಯನ್ನೇ ನೋಡುತ್ತ ಕೂತಿದ್ದವನು ‘ಮಿಸ್, ನಮ್ಮಮ್ಮ ಒಂದು ಸಲವೂ ಯಾರಿಗೂ ಹೇಳೇ ಇಲ್ಲ’ ಎಂದ. ಸಂಧಿ ಸಮಾಸ ಕಲಿಸಿದ ಇಷ್ಟು ವರ್ಷಗಳಲ್ಲಿ ಭಾಷೆಯ ಪಾಠ ಹಾಗೆ ಮನಸ್ಸಿಗೆ ತಾಗಿದ್ದನ್ನು ಕಂಡದ್ದು ಕಡಿಮೆ.

ಆದ್ದರಿಂದ ಈ ಪದದ ಮೇಲೆ ನನ್ನ ತೀರ್ಪು ಇಷ್ಟೇ. ಇದು ಕೆಟ್ಟ ಪದವಲ್ಲ. ಅಳತೆ ಬಲ್ಲ ಕೈಯಲ್ಲಿ ಹುಟ್ಟಿ, ಅಳತೆ ಬೇಡದವರ ಬಾಯಲ್ಲಿ ಹಾಳಾದ ಪದ. ಇದನ್ನು ಸರಿಮಾಡಲು ವ್ಯಾಕರಣದ ತಿದ್ದುಪಡಿ ಬೇಕಿಲ್ಲ. ಪಟ್ಟಿಯಲ್ಲೇ ಇರುವ ಇನ್ನೊಂದು ಪರಿಮಾಣವಾಚಕವನ್ನು ಇದರ ಪಕ್ಕದಲ್ಲಿ ಕೂರಿಸಿದರೆ ಸಾಕು: ‘ಎಷ್ಟು?’ ಅರಿಸಿನಕ್ಕೆ ಕೇಳುತ್ತೇವಲ್ಲ, ಹಾಗೆಯೇ ಕೇಳಬೇಕು, ಜಗಳವಾಡದೆ, ದನಿ ಏರಿಸದೆ. ಮದುವೆ ಒಂಚೂರು ಚೆನ್ನಾಗಿ ಅಂದರೆ ಎಷ್ಟು? ಒಂಚೂರು ಹೊಂದಿಕೋ ಅಂದರೆ ಎಷ್ಟು ದಿನ, ಎದುರಿನವರೂ ಎಷ್ಟು? ಒಂಚೂರು ಕೆಲಸ ಅಂದರೆ ಎಷ್ಟು ಹೊತ್ತು? ನಮ್ಮ ತಟ್ಟೆಯ ಮುಂದೆ ಕೂತಾಗ ನಮ್ಮನ್ನು ನಾವೂ ಕೇಳಿಕೊಳ್ಳಬೇಕು: ಸಾಕು ಎನ್ನುವುದು ಹೊಟ್ಟೆಯೋ, ಪಾತ್ರೆಯೋ? ಇನ್ನು ಯಾರಾದರೂ ‘ಹಾಡು ಬರುತ್ತಾ?’ ಎಂದರೆ, ಬರುವುದಾದರೆ, ಬರುತ್ತೆ ಎಂದೇ ಹೇಳಿ.